ಎರಡು ಹಾರದ ಫೋಟೋ

ಮನಿಲಾದಿಂದ ಹೊರಟ ವಿಮಾನವನ್ನು ಬಂಗಾರಪೇಟೆ ಸ್ಟೇಷನ್ನಿನ ಎರಡನೇ ಪ್ಲಾಟ್‌ಫಾರ್ಮಿನಲ್ಲಿ ಇಳಿಸಿದವನು ನಾನೇ. ಪೈಲಟ್ ಕೈ ಮುಗಿದು, "ಗೋಪಣ್ಣ, ನೀವಿಲ್ಲದಿದ್ದರೆ ಕಷ್ಟ ಆಗ್ತಿತ್ತು" ಅಂದ. ನಂಬೋದು ಬಿಡೋದು ನಿಮ್ಮಿಷ್ಟ.

ಆದರೆ ಆ ಪ್ಲಾಟ್‌ಫಾರ್ಮಿಗೆ ನನ್ನ ಚಿಕ್ಕಮ್ಮನ ಮಗಳು ಅಕ್ಷರಾ ಇಳಿದದ್ದು, ಎದುರಿಗೇ ಮಂಜೇಶ್ ನಿಂತಿದ್ದದ್ದು ಮಾತ್ರ ನಿಜ.

ಐದು ತಿಂಗಳಾದ ಮೇಲೆ ಅವನ ಮುಖ... ಅವಳ ಕೈಯ ಬ್ಯಾಗು ಜಾರಿ ಬಿತ್ತು. ಅವನು ಎತ್ತಿಕೊಡಲಿಲ್ಲ.

"ಎಲ್ಲಿ ನಿಮ್ಮ ಯಜಮಾನ್ರು? ಅಲ್ಲೇ ಬಿಟ್ಟು ಬಂದ್ರಾ?"

ಎರಡು ವರ್ಷ 'ಕಣೇ, ಬಾರೇ' ಅಂದವನ ಬಾಯಲ್ಲಿ ಬಹುವಚನ!

ಯಾವ ಯಜಮಾನ್ರು? ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಮಾರಿಕುಪ್ಪಂ ರೈಲು ಹತ್ತಿಬಿಟ್ಟಿದ್ದ.

ಅವಳನ್ನು ಕಾಮಸಮುದ್ರದ ಮನೆಗೆ ಬಿಡೋಕೆ ನನ್ನ ಆಟೋ ಹೊರಗೆ ಕಾಯುತ್ತಿತ್ತು. ಹತ್ತಿ ಕೂತವಳು ಒಂದೇ ಮಾತು ಅಂದಳು. "ಊರಿಗಾಂಗೆ ನಡಿ, ಗೋಪಣ್ಣ." ಮಂಜೇಶ್ ರೈಲಿಳಿಯುವ ಸ್ಟೇಷನ್ ಅದು.

ಮಂಜೇಶ್ ಕೆಜಿಎಫ್‌ನ ಫ್ಯಾಕ್ಟರಿಯಲ್ಲಿ ಫಿಟ್ಟರ್. ಇವಳದು ಹಸು ಕಟ್ಟಿ ಹಾಲು ಹಾಕುವ ಮನೆ, ಓದಿದ್ದೂ ಪಶುಪಾಲನೆಯೇ. ಇವರ ಪ್ರೀತಿ ನನ್ನೊಬ್ಬನಿಗೇ ಗೊತ್ತಿತ್ತು. ಫಿಲಿಪ್ಪೀನ್ಸಿನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಒಂದು ಸೆಮಿಸ್ಟರ್ ಓದಲು ಆಯ್ಕೆಯಾದಾಗ ಅವಳು ಹಿಂಜರಿದಳು. ಓಗಿ ಬಾ, ಐದೇ ತಿಂಗಳಲ್ವಾ ಅಂತ ಧೈರ್ಯ ಹೇಳಿ ಕಳಿಸಿದವನು ಅವನೇ.

ಮೂರನೇ ವಾರಕ್ಕೆ ಅವನ ಫೋನು ನಿಂತುಹೋಯಿತು.

ನಾಲ್ವರು ಹುಡುಗಿಯರ ಹಾಸ್ಟೆಲ್ ಕೋಣೆ. ಮೂರು ಹೊತ್ತೂ ಅನ್ನ, ಜೊತೆಗೆ ಒಣಮೀನು. ಇವಳು ತಟ್ಟೆ ಪಕ್ಕಕ್ಕೆ ಸರಿಸಿ ಫೋನನ್ನೇ ನೋಡುತ್ತಿದ್ದಳು. ಚಂಡಮಾರುತ ಅಂತ ಕ್ಲಾಸು ರದ್ದಾಗಿ, ಕರೆಂಟು ಹೋದ ದಿನ, ಫೋನಿನಲ್ಲಿ ಉಳಿದಿದ್ದ ನಾಲ್ಕು ಪರ್ಸೆಂಟ್ ಚಾರ್ಜನ್ನೂ ಅವನ ನಂಬರಿಗೇ ಸುರಿದಳು. ನಾನೇನು ತಪ್ಪು ಮಾಡಿದೆ... ಅಷ್ಟನ್ನಾದರೂ ಹೇಳಬಾರದಾ...

ನನಗೂ ಎಷ್ಟೋ ಸಲ ಫೋನ್ ಮಾಡಿ ಕೇಳಿದ್ದಳು. ಅವನಿಗೆ ಡ್ಯೂಟಿ ಜಾಸ್ತಿ ಅಂದಿದ್ದೆ.

ಆಟೋ ಇನ್ನೂರು ಕಿಲೋಮೀಟರ್ ವೇಗದಲ್ಲಿ ಹಾರುತ್ತಿತ್ತು. (ಸರಿ, ನಲವತ್ತು.) ನಾಳೆ ಅವನಿಗೆ ಬೇರೆ ಹುಡುಗಿ ಜೊತೆ ನಿಶ್ಚಿತಾರ್ಥ ಅಂತ ಹೇಳದೆ ವಿಧಿಯಿರಲಿಲ್ಲ. ಹೇಳಿದೆ.

ಅವಳು ಅಳಲಿಲ್ಲ. ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇವತ್ತೊಂದೇ ದಿನ... ಇವತ್ತು ಅವನು ಕೇಳಿಸಿಕೊಳ್ಳದಿದ್ದರೆ ನಾಳೆ ಹೇಳಿ ಏನು ಪ್ರಯೋಜನ?

"ನನಗೆ ಮದುವೆ ಆಗಿದೆ ಅಂತ ಅವನಿಗೆ ಯಾರು ಹೇಳಿದ್ದು, ಗೋಪಣ್ಣ?"

ಜನಕ್ಕೇನು, ನೂರು ಮಾತಾಡ್ತಾರೆ ಅಂದು ಗೇರ್ ಬದಲಾಯಿಸಿದೆ.

ಊರಿಗಾಂ ಸ್ಟೇಷನ್ನಿನ ಹೊರಗೆ ಅವನ ದಾರಿಗೆ ಅಡ್ಡ ನಿಂತಳು. ಅವನು ಫೋನ್ ತೆಗೆದು ಅವಳ ಮುಖದ ಮುಂದೆ ಹಿಡಿದ. ಫೋಟೋದಲ್ಲಿ ಅಕ್ಷರಾ. ಕೊರಳಲ್ಲಿ ಮಲ್ಲಿಗೆಯಂಥ ಬಿಳಿ ಹೂವಿನ ಹಾರ. ಪಕ್ಕದಲ್ಲೊಬ್ಬ ಹುಡುಗ, ಅವನಿಗೂ ಅಂಥದೇ ಹಾರ. ಇಬ್ಬರೂ ನಗುತ್ತಿದ್ದಾರೆ. ನಮ್ಮ ಕಡೆ ಇದನ್ನು ನೋಡಿದವರು ಇನ್ನೇನು ತಿಳಿದುಕೊಳ್ಳುತ್ತಾರೆ ಹೇಳಿ.

"ಇದು ಸ್ವಾಗತ ಮಾಡಿದ ದಿನದ್ದು," ಅಂದಳು. "ಹೊರಗಿಂದ ಬಂದ ಮೂವತ್ತು ಜನಕ್ಕೂ ಹಾರ ಹಾಕಿದರು. ಇವನು ಇಂಡೋನೇಷ್ಯಾದವನು. ಮೂವತ್ತು ಜನರೂ ಸಾಲಾಗಿ ನಿಂತಿದ್ವಿ. ಉಳಿದವರನ್ನು ಕತ್ತರಿಸಿದ್ದು ಯಾರು? ನಾನು ಈ ಫೋಟೋ ಹಾಕಿದ್ದು ಮನೆಯವರ ಗ್ರೂಪಿಗೆ ಮಾತ್ರ."

ಆ ಗ್ರೂಪಿನಲ್ಲಿ ಮಂಜೇಶನನ್ನು ಬಲ್ಲವನು ಒಬ್ಬನೇ. ಇಬ್ಬರೂ ನನ್ನ ಕಡೆ ತಿರುಗಿದರು.

"ಚರ್ಚಲ್ಲಿ ಮದುವೆ ಆಯ್ತು, ನಾನೂರು ಜನ ಉಂಡ್ರು ಅಂದ್ಯಲ್ಲಾ ಗೋಪಿ?" ಅಂದ ಮಂಜೇಶ್.

"ಎರಡು ಹಾರ ಕಂಡೆ ಕಣ್ಲಾ, ಉಳಿದೋರನ್ನ ಕತ್ತರಿಸಿದೆ. ಮಿಕ್ಕಿದ್ದೆಲ್ಲ ನಾನೇ ಕಟ್ಟಿದ್ದು. ರೇಗಿಸೋಣ ಅಂತ. ಅರ್ಧ ಗಂಟೆ ಬಿಟ್ಟು ನಿಜ ಹೇಳೋಣ ಅಂದ್ಕೊಂಡಿದ್ದೆ. ನಿನ್ನ ಮುಖ ನೋಡಿ ನಾಲಿಗೆ ಏಳ್ಲಿಲ್ಲ. ಮಾರನೇ ದಿನ ಹೇಳಿದ್ರೆ ಸುಳ್ಳುಬುರುಕ ಅಂತೀಯಾ ಅನ್ನೋ ಭಯ. ಆಮೇಲೆ ದಿನಾ ಅದೇ ಭಯ."

ಅವನು ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ. ಮನೆಗೆ ಬಂದು ಅಮ್ಮನಿಗೆ ಇದನ್ನೇ ಹೇಳು, ಆ ಹುಡುಗಿ ಮನೆಗೂ ನೀನೇ ಹೋಗಿ ಕಾಲು ಹಿಡಿ ಅಂದ. ಒಪ್ಪಿಕೊಂಡೆ.

ಆಮೇಲೆ ಅವನು ಅವಳ ಕಡೆ ತಿರುಗಿದ. ತಲೆ ಎತ್ತಲಿಲ್ಲ.

"ಒಂದು ಮಾತು ನನ್ನನ್ನೇ ಕೇಳಬಾರದಿತ್ತಾ?" ಅಂದಳು.

"ಕೇಳಿದ್ರೆ ನೀನು ಹೌದು ಅಂದುಬಿಡ್ತೀಯೇನೋ ಅಂತ ಎದರಿಕೆ ಆಯ್ತು ಕಣೇ."

"ಈಗ ಕೇಳು."

"ಮದುವೆ ಆಗಿದೀಯಾ?"

"ಇಲ್ಲ. ನೀನಿನ್ನೂ ಹಾರ ಹಾಕಿಲ್ಲವಲ್ಲ..."

ನಾನು ಮುಖ ತಿರುಗಿಸಿ ಆಟೋದಲ್ಲಿ ಕೂತೆ. ಅವರು ಕೈ ಹಿಡಿದುಕೊಂಡರೋ ಇಲ್ಲವೋ ನೋಡಲಿಲ್ಲ. ಹಿಡಿದುಕೊಂಡರು ಅಂತ ಬರೆದರೆ, ಅದು ನಾನು ಸೇರಿಸಿದ್ದಾಗುತ್ತೆ.