ಹೆಬ್ಬೆಟ್ಟಿನ ಮೇಲೆ ಕೆಂಪು ಇಂಕು

"ಪೆನ್ ಕೊಟ್ಬಿಡಿ ಮೇಡಂ... ನನ್ನ ಕೈಲಿ ಕೆಟ್ಟ ಕೆಲಸ ಮಾಡಿಸ್ಬೇಡಿ!"

ಸೆಕ್ಯುರಿಟಿಯವನು ಬಾಗಿಲಿಗೆ ಅಡ್ಡ ನಿಂತಿದ್ದ. ಆಸಾಮಿ ಬಾಗಿಲಷ್ಟೇ ಅಗಲ.

ಕೊಡಲಿಲ್ಲ.

ಪಕ್ಕದಲ್ಲಿದ್ದ ಟ್ರಾಲಿಯನ್ನು ಅವನ ಮೊಣಕಾಲಿಗೆ ನೂಕಿದೆ. "ಅಯ್ಯಮ್ಮಾ!" ಅಂತ ಬಗ್ಗಿದ. ಸಂದಿಯಲ್ಲಿ ನುಸುಳಿ ಮೆಟ್ಟಿಲಿಗೆ ಓಡಿದೆ.

ಮಧ್ಯಾಹ್ನ ಮೂರೂ ಮುಕ್ಕಾಲು. ನಾಲ್ಕಕ್ಕೆ ಮೂರನೇ ಮಹಡಿಯಲ್ಲಿ ಸೈನ್ ಬೀಳುತ್ತೆ. ಬಿದ್ದರೆ ಪೆನ್ ಎರಕ ಹೊಯ್ಯೋ ಅಚ್ಚಿಗೆ ಆರ್ಡರ್ ಹೋಗುತ್ತೆ. ಅಚ್ಚು ಕೊರೆದ ಮೇಲೆ ಮುಗೀತು... ಒಂದು ಗೆರೆಯೂ ಬದಲಾಗಲ್ಲ.

ಜೇಬಲ್ಲಿದ್ದದ್ದು ಬರೆಯೋ ಪೆನ್ನಲ್ಲ ಸ್ವಾಮಿ. ಇಂಜೆಕ್ಷನ್ ಪೆನ್ನಿನ ಮಾಡೆಲ್! ಜೇನು ಕಚ್ಚಿ ಅಲರ್ಜಿಯಿಂದ ಉಸಿರು ಕಟ್ಟಿದಾಗ ತೊಡೆಗೆ ಒತ್ತಿಕೊಳ್ಳಬೇಕು. ಸೂಜಿ ಹೊರಗೆ ಬಂದು ಔಷಧಿ ಒಳಗೆ ಹೋಗುತ್ತೆ. ಒಂದೇ ಡೋಸ್. ತಪ್ಪಿದರೆ ಇನ್ನೊಂದಿಲ್ಲ.

ನಾನು ಪೊಲೀಸಲ್ಲ, ಡಿಟೆಕ್ಟಿವ್ವೂ ಅಲ್ಲ. ಯೂಸರ್ ರಿಸರ್ಚರ್. ಕಂಪನಿ ಒಂದು ವಸ್ತು ಮಾಡುವ ಮೊದಲು ಅದನ್ನು ಬಳಸುವವರ ಬೆನ್ನು ಹತ್ತೋದು ನನ್ನ ಕೆಲಸ. ಮನೆಗೆ ಹೋಗ್ತೀನಿ. ಅವರ ಕೈ ನೋಡ್ತೀನಿ. ಬಾಯಿ ಮುಚ್ಕೊಂಡಿರ್ತೀನಿ.

ಮೊದಲ ಮನೆ ನನ್ನ ದೊಡ್ಡಮ್ಮನದೇ. ಮೂವತ್ತು ವರ್ಷ ಜೇನು ಸಾಕಿದವರು. ಈಗ ಅದೇ ಜೇನು ಕಚ್ಚಿದರೆ ಜೀವಕ್ಕೆ ಅಪಾಯ. ಪೆಟ್ಟಿಗೆಗಳನ್ನು ಬಿಟ್ಟುಬಿಡಿ ಅಂದರೆ ನನಗೇ ಬೈತಾರೆ!

ಅವರಿಗೆ ಮೊದಲ ಮಾಡೆಲ್ ಕೊಟ್ಟೆ. ನೋಡೋಕೆ ಬಲು ಚೆಂದ. ಸೂಜಿಯ ಬದಲು ಕೆಂಪು ಇಂಕಿನ ಮೊನೆ. ದೊಡ್ಡಮ್ಮ ಮೇಲ್ತುದಿಗೆ ಹೆಬ್ಬೆಟ್ಟು ಇಟ್ಟು ತೊಡೆಗೆ ಒತ್ತಿದರು... ಇಂಕು ಹೆಬ್ಬೆಟ್ಟಿಗೆ! ಪೆನ್ ತಲೆಕೆಳಗಾಗಿತ್ತು.

"ಎರಡು ತುದೀನೂ ಒಂದೇ ಥರ ಇದೆಯಲ್ಲೇ! ಸಾಯೋ ಹೊತ್ತಲ್ಲಿ ಕನ್ನಡಕ ಹುಡುಕ್ಲಾ?"

ಇಪ್ಪತ್ತು ಜನರಲ್ಲಿ ಏಳು ಹೆಬ್ಬೆಟ್ಟು ಕೆಂಪಾದವು.

ವಾಪಸ್ ವರ್ಕ್‌ಶಾಪಿಗೆ. ರಟ್ಟಿನಲ್ಲಿ ಮಾಡಿದೆವು, ಮೇಣದಲ್ಲಿ ಮಾಡಿದೆವು, ಮುರಿದೆವು, ಮತ್ತೆ ಮನೆಮನೆಗೆ ಹೊತ್ತೆವು. ಐದನೇ ಮಾಡೆಲ್ಲಿನಲ್ಲಿ ಸೂಜಿಯ ತುದಿ ದಪ್ಪ, ಕಿತ್ತಳೆ ಬಣ್ಣ. ಇನ್ನೊಂದು ತುದಿ ಚಪ್ಪಟೆ. ಕಣ್ಣು ಮುಚ್ಚಿದರೂ ಕೈಗೆ ಗೊತ್ತಾಗುತ್ತೆ. ಇಪ್ಪತ್ತು ಜನ, ಒಂದು ಹೆಬ್ಬೆಟ್ಟೂ ಕೆಂಪಾಗಲಿಲ್ಲ!

ಮ್ಯಾನೇಜರ್ ಮೂಗು ಮುರಿದ. "ಥೂ, ಅವಲಕ್ಷಣ!"

ಹಳೇ ಚೆಲುವ, ಆ ಮೊದಲ ಮಾಡೆಲ್ಲನ್ನೇ ಎತ್ತಿಕೊಂಡು ಅವನೇ ಟೆಸ್ಟ್ ಮಾಡಿಸಿದ. ಹೇಗೆ ಗೊತ್ತಾ? ಬೇರೆಯವರಿಂದ ಹತ್ತು ನಿಮಿಷ ಪಾಠ ಹೇಳಿಸಿ, ಆಮೇಲೆ ಪೆನ್ ಕೈಗೆ ಕೊಡಿಸಿದ! ಎಲ್ಲರೂ ಪಾಸ್. ಜೇನು ಕಚ್ಚೋ ಮುಂಚೆ ಯಾರು ಬಂದು ಪಾಠ ಹೇಳ್ತಾರೆ ರೀ?

ಅದನ್ನೇ ಕೇಳಿದೆ. ನನ್ನ ರಿಪೋರ್ಟ್ ಕಪಾಟಿಗೆ ಹೋಯಿತು. ಇವತ್ತು ಬೆಳಿಗ್ಗೆ ನನ್ನ ಕೆಲಸವೂ ಹೋಯಿತು. ಹೋಗುವಾಗ ಕಪಾಟಿನಿಂದ ರಿಪೋರ್ಟ್, ಮೊದಲ ಮಾಡೆಲ್ಲಿನ ಇಂಕಿನ ಪೆನ್ ಎರಡೂ ಎಗರಿಸಿದೆ.

ಎರಡನೇ ಮಹಡಿ. ಹಿಂದೆ ಬೂಟಿನ ಸದ್ದು... ವಾಕಿಟಾಕಿಯ ಗೊರಗೊರ... ಮೂರನೇ ಮಹಡಿ!

ಮೀಟಿಂಗ್ ರೂಮಿನ ಬಾಗಿಲು ಒದ್ದೆ.

ಮೇಜಿನ ತುದಿಯಲ್ಲಿ ಕಂಪನಿಯ ಯಜಮಾನಿ. ಸೈನ್ ಹಾಕಲು ಕೈ ಎತ್ತಿದ್ದರು. ಮ್ಯಾನೇಜರ್ ಪರದೆಯ ಮುಂದೆ ನಿಂತು ಹೇಳುತ್ತಿದ್ದ. "ಇದನ್ನ ಯಾರು ಬೇಕಾದ್ರೂ ಬಳಸ್ಬಹುದು ಮೇಡಂ..."

ರಿಪೋರ್ಟನ್ನು ಮೇಜಿನ ಮೇಲೆ ಕುಕ್ಕಿದೆ. ಮೇಲಿನ ಹಾಳೆಯಲ್ಲೇ ದಪ್ಪಕ್ಷರದಲ್ಲಿತ್ತು: ಐದನೇ ಮಾಡೆಲ್ಲೇ ಸರಿ. ಪೆನ್ ಅವನತ್ತ ಎಸೆದೆ. ಹಿಡಿದುಕೊಂಡ.

"ಸರ್, ಜೇನು ಕಚ್ಚಿದೆ! ಗಂಟಲು ಊದ್ತಿದೆ! ಹತ್ತು ಸೆಕೆಂಡ್ ಇದೆ... ಚುಚ್ಕೊಳಿ!"

"ಇವಳನ್ನ ಹೊರಗೆ ಹಾಕ್ರೋ!"

ಸೆಕ್ಯುರಿಟಿಯವನು ಬಂದು ನನ್ನ ತೋಳು ತಿರುಚಿದ. ಪ್ರಾಣ ಹೋದ ಹಾಗಾಯಿತು.

ಯಜಮಾನಿ ಕನ್ನಡಕ ತೆಗೆದರು. "ಯಾರು ಬೇಕಾದ್ರೂ ಅಂದ್ರಲ್ಲ? ನೀವೇ ಚುಚ್ಕೊಳ್ರಿ."

ಇಪ್ಪತ್ತಕ್ಕೆ ಏಳೇ ಚಾನ್ಸ್. ಅವನು ಸರಿಯಾಗಿ ಹಿಡಿದರೆ ನನ್ನ ಕತೆ ಮುಗಿಯಿತು. ದೊಡ್ಡಮ್ಮನ ಕೈಗೆ ಆ ಪೆನ್ನೇ ಬರುತ್ತೆ. ನನಗೆ ನಿಜವಾಗಿಯೂ ಭಯವಾಯಿತು. ಆದರೂ ಬಾಯಿ ಬಿಡಲಿಲ್ಲ. ಟೆಸ್ಟಿನ ನಿಯಮ ಅದು.

ಅವನು ಪೆನ್ನನ್ನು ಹೀಗೆ ತಿರುಗಿಸಿದ. ಹಾಗೆ ತಿರುಗಿಸಿದ. ಹಣೆಯಲ್ಲಿ ಬೆವರು. ತೊಡೆಗೆ ಬಡಿದ.

ಟಕ್!

"ನೋಡಿ, ಆಯ್ತಲ್ಲ!" ಅಂತ ಹಲ್ಲು ಕಿರಿದ. ನನ್ನ ರಿಪೋರ್ಟನ್ನು ಎತ್ತಿ ಆಡಿಸಿದ. "ಇದೆಲ್ಲ ಬರೀ ಸುಳ್ಳು ಮೇಡಂ!"

ಯಜಮಾನಿ ಅವನ ತೊಡೆ ನೋಡಿದರು. ಬಿಳಿ ಪ್ಯಾಂಟು ಬೆಳ್ಳಗೇ ಇತ್ತು. ಆಮೇಲೆ ಕೈ ನೋಡಿದರು.

"ಅಚ್ಚಿನ ಆರ್ಡರ್ ನಿಲ್ಸಿ. ಆ ಐದನೇ ಮಾಡೆಲ್ ಎಲ್ಲಿದೆಯಮ್ಮ?"

"ದೊಡ್ಡಮ್ಮನ ಹತ್ರ ಇದೆ. ಕೇಳಿದ್ರೆ ಕೊಡಲ್ಲ ಅಂತಾರೆ."

"ಅದಕ್ಕೇ ಅಚ್ಚು ಮಾಡಿಸಿ. ಮ್ಯಾನೇಜರೇ, ಈ ರಿಪೋರ್ಟಿಗೆ ನೀವೂ ಸೈನ್ ಹಾಕಿ."

"ನನ್ನ ಪ್ರಾಣ ಹೋದ್ರೂ ಹಾಕಲ್ಲ!"

ತೋಳು ಬಿಡಿಸಿಕೊಂಡೆ. ಅವನ ಕೈಯಿಂದ ರಿಪೋರ್ಟ್ ಕಿತ್ತು ಅವನ ಕಡೆಗೇ ತಿರುಗಿಸಿ ಹಿಡಿದೆ. ಮೇಲಿನ ಹಾಳೆಯಲ್ಲಿ ಒಂದು ಕೆಂಪು ಗುರುತು, ಗೆರೆ ಗೆರೆಯೂ ಕಾಣುವಷ್ಟು ಸ್ಪಷ್ಟ.

"ಸೈನ್ ಯಾಕೆ ಸರ್? ಹೆಬ್ಬೆಟ್ಟು ಒತ್ತಿದ್ದೀರಲ್ಲ!"