ಪೂಜೆಯಾಗದ ಪಿಕಪ್ಪು

ಗುರುವಾರ ಬೆಳಿಗ್ಗೆ ಏಳಕ್ಕೆ ಮುತ್ತಮ್ಮ ಹೊಲಕ್ಕೆ ಹೋದಾಗ ಮೂಲೆಯ ವೀರಗಲ್ಲು ಇರಲಿಲ್ಲ.

ಎದೆಮಟ್ಟದ ಕಲ್ಲು. ತೂಕ ಹತ್ತಿರ ಹತ್ತಿರ ಒಂದು ಟನ್. ಕದ್ದವರು ಸುತ್ತಲಿನ ನೆಲವನ್ನೂ ಅಗೆದು ಸಮ ಮಾಡಿ ಹೋಗಿದ್ದರು. ಕಲ್ಲು ಇಲ್ಲೇ ಇತ್ತು ಎಂದು ಬೆರಳಿಟ್ಟು ತೋರಿಸುವ ಹಾಗಿರಲಿಲ್ಲ.

ಸೂಲಿಬೆಲೆ ಕಡೆಯ ಆ ಊರಿನಲ್ಲಿ ಮೂರು ಜಮೀನುಗಳ ಗಡಿಗೆ ಆ ಕಲ್ಲೇ ಗುರುತು. ಒಂದು ಮುತ್ತಮ್ಮನದು. ಒಂದು ಅವಳ ತಂಗಿಯ ಮಗ ನಂದೀಶನದು. ಇನ್ನೊಂದು ಜಯಕುಮಾರನದು. ಶುಕ್ರವಾರ ಹತ್ತಕ್ಕೆ ಸರ್ವೆಯವರು ಬರುವವರಿದ್ದರು. ಗಡಿ ಹತ್ತಡಿ ಸರಿದರೆ ಸಾಕು, ಮುತ್ತಮ್ಮನ ಬೋರ್‌ವೆಲ್ ಬೇರೆಯವರ ಪಾಲಾಗುತ್ತಿತ್ತು.

ಸಬ್ ಇನ್ಸ್‌ಪೆಕ್ಟರ್ ಆಶಾರಾಣಿ ಬಂದರು.

“ಯಾರ ಮೇಲೆ ಅನುಮಾನ?”

“ನಂದೀಶನೇ. ಜೆಸಿಬಿ ಇರೋದು ಅವನ ಹತ್ರ. ಚಕ್ರದ ಗುರುತು ನೀವೇ ನೋಡಿ.”

ಗುರುತೇನೋ ಇತ್ತು. ಅದರ ಮೇಲೆ ಕುರಿಗಳ ಹೆಜ್ಜೆ ಮೂಡಿ ಒಣಗಿಯೂ ಇತ್ತು. ಆಶಾರಾಣಿ ಅದನ್ನು ಗಮನಿಸಿದರು. ನಂದೀಶನನ್ನು ಠಾಣೆಗೆ ಕರೆಸಿದರು.

“ಹೋದ ವಾರ ದೊಡ್ಡಮ್ಮನ ಕೃಷಿಹೊಂಡ ತೋಡಿಕೊಟ್ಟಿದ್ದು ನಾನೇ ಮೇಡಂ. ಆ ಗುರುತು ಅವತ್ತಿಂದು,” ಎಂದ ನಂದೀಶ. ಆಮೇಲೆ ಕೇಳಿದ, “ನನ್ನ ಹೆಸರು ಹೇಳಿದ್ದು ಅವರೇನಾ?”

ಆಶಾರಾಣಿ ಹೌದೆಂದರು.

* * *

ಊರಿನಲ್ಲಿ ಅಷ್ಟು ಭಾರ ಹೊರುವ ಇನ್ನೊಂದು ಗಾಡಿ ಎಂದರೆ ಜಯಕುಮಾರನ ಹದಿನೈದು ವರ್ಷದ ಹಳೆಯ ಪಿಕಪ್ಪು. ಜಯಕುಮಾರ್ ಹೆಂಡತಿಯ ಹುಟ್ಟುಹಬ್ಬ ಮರೆತಾನು, ಇಂಜಿನ್ ಆಯಿಲ್ ಬದಲಿಸುವ ದಿನ ಮರೆಯುವವನಲ್ಲ.

“ಮಂಗಳವಾರ ಹೊಸಕೋಟೇಲಿ ಹಿಂದಿನ ಪಾಟಾ ಎರಡೂ ಹೊಸದು ಹಾಕಿಸ್ದೆ ಮೇಡಂ. ನಾಳೆ ಪೂಜೆ. ಅಲ್ಲೀವರ್ಗೂ ಒಂದು ಮೂಟೆನೂ ಹಾಕಲ್ಲ. ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ.”

ಕೇಳಿದರು. ಊರು ಒಂದೇ ಬಾಯಲ್ಲಿ ಹೌದೆಂದಿತು. ಪೂಜೆಯಾಗದ ಗಾಡಿಗೆ ಯಾರಾದರೂ ಲೋಡ್ ಹಾಕುತ್ತಾರೆಯೇ? ಅದೂ ಜಯಕುಮಾರ್?

ಆಶಾರಾಣಿ ಬಗ್ಗಿ ಗಾಡಿಯ ಹಿಂಬದಿ ನೋಡಿದರು. ಪಾಟಾ ಎಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ಗಾಡಿಯ ಭಾರವೆಲ್ಲ ಅವುಗಳ ಮೇಲೆ. ಹೊಸ ಕಪ್ಪು ಬಣ್ಣ. ಆದರೆ ಪಟ್ಟಿಗಳು ಉಜ್ಜಾಡುವ ತುದಿಗಳಲ್ಲಿ ಬಣ್ಣ ಹೋಗಿ ಉಕ್ಕು ಬೆಳ್ಳಗೆ ಹೊಳೆಯುತ್ತಿತ್ತು. ಆಕ್ಸಲ್‌ಗೆ ಬಿಗಿದ ಎಂಟು ನಟ್ಟುಗಳ ಮೇಲೆ ಬಿಳಿ ಬಣ್ಣದ ಚೂರುಗಳು. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಎದ್ದರು.

* * *

ಪಾಟಾ ಹಾಕಿದವನು ಹೊಸಕೋಟೆಯ ಮೆಕ್ಯಾನಿಕ್ ವೇಣುಗೋಪಾಲ್. ಫೋಟೋವನ್ನು ಹಿಗ್ಗಿಸಿ ನೋಡಿದ.

“ಬಣ್ಣ ಹೋಗಿರೋದು ಲೆಕ್ಕಕ್ಕಿಲ್ಲ ಮೇಡಂ. ಖಾಲಿ ಗಾಡಿ ಊರಿಗೆ ಹೋಗೋವಷ್ಟರಲ್ಲೂ ಸ್ವಲ್ಪ ಹೋಗುತ್ತೆ.”

ಆಶಾರಾಣಿಗೆ ನಿರಾಸೆಯಾಯಿತು. “ಈ ಬಿಳಿ ಬಣ್ಣ?”

“ಅದು ನಂದು. ಪಾಟಾ ಹಾಕಿದ ಮೇಲೆ, ನಟ್ಟು ತಿರುಗಿದ್ರೆ ಗೊತ್ತಾಗ್ಲಿ ಅಂತ, ಬೋಲ್ಟಿಂದ ನಟ್ಟಿಗೆ ಸೇರಿಸಿ ಒಂದು ಗೆರೆ ಎಳೀತೀನಿ. ಮೊದಲ್ನೇ ಲೋಡಿಗೆ ಪಟ್ಟಿಗಳು ಒತ್ತಿ ಕೂತ್ಕೋತವೆ, ನಟ್ಟು ಸಡಿಲ ಆಗುತ್ತೆ. ಲೋಡ್ ಇಳಿಸಿದ ತಕ್ಷಣ ಇನ್ನೊಂದ್ಸಲ ಬಿಗಿ ಮಾಡ್ಬೇಕು, ಇಲ್ದಿದ್ರೆ ಪಾಟಾ ಹಾಳು. ಎಲ್ರಿಗೂ ಹೇಳಿ ಕಳಿಸ್ತೀನಿ. ಒಬ್ರೂ ಕೇಳಲ್ಲ.” ಮತ್ತೆ ಫೋಟೋ ನೋಡಿ ನಕ್ಕ. “ಇವನೊಬ್ಬ ಕೇಳವ್ನೆ ನೋಡಿ.”

ಎಂಟು ನಟ್ಟುಗಳಲ್ಲೂ ಗೆರೆ ತುಂಡಾಗಿತ್ತು. ಎಂಟೂ ಬಿಗಿಯಾಗುವ ಕಡೆಗೇ ಕಾಲು ಸುತ್ತು ತಿರುಗಿದ್ದವು.

“ನೀವು ಬಿಗಿ ಮಾಡಿದ್ರಾ?”

“ಮಂಗಳವಾರದಿಂದ ಅವನ ಮುಖಾನೇ ನೋಡಿಲ್ಲ.”

* * *

ಸಂಜೆ ನಾಲ್ಕಕ್ಕೆ ಆಶಾರಾಣಿ ಮತ್ತೆ ಜಯಕುಮಾರನ ಅಂಗಳದಲ್ಲಿದ್ದರು. ಮುತ್ತಮ್ಮನನ್ನೂ ಕರೆಸಿದ್ದರು.

“ಗಾಡಿ ಚೆನ್ನಾಗಿ ಇಟ್ಟಿದ್ದೀರಿ. ಪಾಟಾದ ನಟ್ಟು ಬಿಗಿ ಮಾಡಿದ್ದು ಯಾರು?”

“ನಾನೇ ಮೇಡಂ. ಇಂಥ ಕೆಲ್ಸ ಇನ್ನೊಬ್ರಿಗೆ ಬಿಡಲ್ಲ.”

“ಯಾವತ್ತು?”

“ಇವತ್ತು ಬೆಳಿಗ್ಗೆ. ಎಲ್ಲಾ ಸಡಿಲ ಆಗಿ...”

ಅಲ್ಲಿಗೆ ನಿಂತ.

“ಒಂದು ಮೂಟೆನೂ ಹಾಕದ ಗಾಡೀಲಿ ಎಂಟಕ್ಕೆ ಎಂಟೂ ಸಡಿಲ ಆದ್ವಾ?”

ಜಯಕುಮಾರ್ ಗಾಡಿಯ ಕಡೆ ನೋಡಿದ. ಗಾಡಿ ಏನು ಹೇಳೀತು?

ಆಶಾರಾಣಿ ನಿಧಾನವಾಗಿ ಬಿಡಿಸಿ ಹೇಳಿದರು. “ಜೆಸಿಬಿ ಗುರುತು ವಾರದ ಹಿಂದಿನದು, ಮೇಲೆ ಕುರಿ ಓಡಾಡಿವೆ. ಊರೆಲ್ಲ ನಂದೀಶನ ಕಡೆ ನೋಡುತ್ತೆ ಅಂತ ನಿಮಗೆ ಗೊತ್ತಿತ್ತು. ಪೂಜೆಯಾಗದ ಗಾಡಿ ಮೇಲೆ ಯಾರಿಗೂ ಅನುಮಾನ ಬರಲ್ಲ ಅಂತಾನೂ ಗೊತ್ತಿತ್ತು. ಅಷ್ಟು ದೊಡ್ಡ ಕಲ್ಲು ಹೊತ್ತಾಗ ಪಾಟಾ ಕೂತ್ಕೊಳ್ತು. ಮೆಕ್ಯಾನಿಕ್ ಹೇಳಿದ್ದನ್ನ ಚಾಚೂ ತಪ್ಪದೆ ಮಾಡಿದ್ರಿ. ಬೇರೆ ಯಾರಾದ್ರೂ ಆಗಿದ್ರೆ ಹಾಗೇ ಬಿಟ್ಟಿರೋರು, ನಾನೂ ಬರಿಗೈಲಿ ಹೋಗಿರ್ತಿದ್ದೆ. ಕಲ್ಲೆಲ್ಲಿ?”

“ಹಳೇ ಕ್ವಾರಿ ಗುಂಡೀಲಿ,” ಎಂದ ಜಯಕುಮಾರ್. “ನಿನ್ನೆ ರಾತ್ರಿ ಇಬ್ಬರು ಕೂಲಿಯವರನ್ನ ಕರ್ಕೊಂಡು ಚೈನ್ ಪುಲ್ಲೀಲಿ ಎತ್ತಿ ಹಾಕ್ದೆ. ಆ ಬೋರ್‌ವೆಲ್ ನನ್ನ ಕಡೆಗೆ ಬರ್ತಿತ್ತು.”

ಮುತ್ತಮ್ಮ ಅವನಿಗೆ ಬೆನ್ನು ಹಾಕಿ ಆಶಾರಾಣಿಯ ಕಡೆ ತಿರುಗಿದಳು.

“ನಂದೀಶನ್ನ ಬಿಟ್ರಾ?”

“ಮಧ್ಯಾಹ್ನವೇ ಬಿಟ್ಟೆವು.”

* * *

ಶುಕ್ರವಾರ ಬೆಳಿಗ್ಗೆ ಎಂಟು. ಹೊಲದ ಮೂಲೆಯಲ್ಲಿ ಜಯಕುಮಾರ್ ತೋರಿಸಿದಲ್ಲಿ ಎರಡಡಿ ಅಗೆದಾಗ ಕಲ್ಲಿನ ಬುಡಕ್ಕೆ ಹಾಸಿದ್ದ ಚಪ್ಪಡಿ ಸಿಕ್ಕಿತು; ಹಳೆಯ ಜಾಗ ಅದೇ. ಇನ್ನು ಕಲ್ಲು ಬರಬೇಕು. ಕ್ವಾರಿ ಗುಂಡಿಯಿಂದ ಅದನ್ನು ಎತ್ತಲು ಊರಿನಲ್ಲಿದ್ದದ್ದು ಒಂದೇ ಜೆಸಿಬಿ. ಕೇಳಲು ಮುತ್ತಮ್ಮನಿಗೆ ನಾಲಿಗೆ ಏಳಲಿಲ್ಲ. ಯಾರೂ ಕರೆಯದೆಯೇ ನಂದೀಶ ಬಂದ. ಒಂಬತ್ತೂವರೆಗೆ ಬಕೆಟ್ಟಿಗೆ ಕಟ್ಟಿದ ಸರಪಳಿಯಲ್ಲಿ ಕಲ್ಲು ಗುಣಿಯ ಮೇಲೆ ತೂಗುತ್ತಿತ್ತು.

ಮುತ್ತಮ್ಮ ಜೆಸಿಬಿಯ ಪಕ್ಕ ಬಂದು ನಿಂತಳು. “ನಿನ್ನ ಹೆಸರು ಹೇಳ್ಬಾರ್ದಾಗಿತ್ತು ಕಣಪ್ಪಾ. ತಪ್ಪಾಯ್ತು. ನೀನು ಬರಲ್ಲ ಅನ್ಕೊಂಡಿದ್ದೆ.”

ನಂದೀಶನಿಗೆ ನೋವು ಹೋಗಿರಲಿಲ್ಲ. ಲಿವರ್ ಮೇಲಿನ ಕೈ ತೆಗೆಯದೆ ಹೇಳಿದ.

“ಅದನ್ನ ಆಮೇಲೆ ಮಾತಾಡಣ ದೊಡ್ಡಮ್ಮ. ಸರ್ವೆಯವ್ರು ಬರ್ತವ್ರೆ. ಕಲ್ಲಿನ ಮುಖ ಯಾವ ಕಡೆ ಇತ್ತು, ಹೇಳು.”

ಮುತ್ತಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಪೂರ್ವಕ್ಕೆ ಕೈ ತೋರಿಸಿದಳು.