ಹಿನ್ನೀರಿನ ಕಡೆಗೆ ಬಂದ ಬಾಗಿಲು

ಯಾರೋ ಬಾಗಿಲು ಬಡಿದರು.

ಅಕೋಫಾ ಮೀನು ಒಣಗಿಸುವ ಹೊಗೆಗೂಡಿನ ಮುಂದಿದ್ದ ಜಾಲರಿಯನ್ನು ಅಲ್ಲೇ ಬಿಟ್ಟು ಓಡಿದಳು. ಗೆಣ್ಣಿನಿಂದ ಮೆಲ್ಲಗೆ, ಬಿಟ್ಟು ಬಿಟ್ಟು ಬಡಿದ ಸದ್ದು... ಹಾಗೆ ಬಡಿಯುತ್ತಿದ್ದವರು ಅಪ್ಪ ಒಬ್ಬರೇ. ಎರಡು ಮಳೆಗಾಲದ ಹಿಂದೆ ಅಪ್ಪ ಕಡಲಿಗಿಳಿದಿದ್ದರು. ದೋಣಿ ಮರಳಿತು, ಜೊತೆಗಾರರು ಮರಳಿದರು, ಅಪ್ಪ ಮರಳಲಿಲ್ಲ. ದೇಹವೂ ಸಿಗಲಿಲ್ಲ. ದೇಹ ಸಿಗದ ಮೇಲೆ ಅಳುವುದಾದರೂ ಹೇಗೆ? ಅವಳು ಅಳಲೇ ಇಲ್ಲ, ಕಾದಳು.

ಬಾಗಿಲು ಎಳೆದಳು. ಮರಕ್ಕೆ ಕಿವಿಯಾನಿಸಿ ನಿಂತಿದ್ದ ಅಪರಿಚಿತ ಯುವಕನೊಬ್ಬ ಮುಗ್ಗರಿಸಿ ಒಳಗೆ ಬಂದ.

"ಮರ ಗಟ್ಟಿ ಇದೆಯಾ ಅಂತ ನೋಡ್ತಿದ್ದೆ," ಎಂದ.

ಅಪ್ಪ ಎರಡನೆಯ ಸಲ ಸತ್ತಂತಾಯಿತು.

ಹಿನ್ನೀರಿನ ಕಡೆ ವಾಸವಾಗಿದ್ದ ಅಪ್ಪನ ತಂಗಿ ಅಬ್ಲಾ ಅತ್ತೆ ಹಿತ್ತಲಿನಿಂದ ಬಂದು ಸೊಂಟಕ್ಕೆ ಕೈಕೊಟ್ಟು ನಿಂತಳು. "ನಮ್ಮಲ್ಲಿ ಗಂಡು ಬಂದು ಹೆಣ್ಣಿನ ಮನೆ ಬಾಗಿಲು ಬಡಿದ್ರೆ ಅದಕ್ಕೆ ಒಂದೇ ಅರ್ಥ ಕಣಪ್ಪಾ, ಹೆಣ್ಣು ಕೇಳೋಕೆ ಬಂದಿದ್ದಾನೆ ಅಂತ. ಜೊತೆಗೆ ಬರಬೇಕಾದ ನಿನ್ನ ಚಿಕ್ಕಪ್ಪ ಎಲ್ಲಿ? ಕಾಣಿಕೆಯ ಮದ್ಯದ ಬಾಟಲಿ ಎಲ್ಲಿ?"

ಯುವಕ ತಲೆ ತಗ್ಗಿಸಿದ. ಅವನ ಹೆಸರು ಸೆನಾನು. ದೋಣಿ ಕಟ್ಟುವವನು. ಕಡಲು ನುಂಗಲಿರುವ ಮನೆಗಳ ತೊಲೆ, ಕಿಟಕಿ, ಬಾಗಿಲುಗಳನ್ನು ಕೊಂಡು ದೋಣಿಗೆ ಬಳಸುತ್ತಿದ್ದ. ಕೇಟಾ ಎಂಬ ಆ ಊರಿನ ಮರಳು ದಂಡೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಹಿನ್ನೀರು. ಕಡಲ ಕಡೆಯ ಸಾಲಿನಲ್ಲಿ ಉಳಿದದ್ದು ಅಕೋಫಾಳ ಮನೆಯೊಂದೇ.

ಬಾಗಿಲು ಮಾರಾಟಕ್ಕಿಲ್ಲ ಎಂದಳು ಅವಳು. ಅಪ್ಪ ತಮ್ಮ ಮೊದಲ ದೋಣಿಯ ಹಲಗೆಗಳನ್ನು ಜೋಡಿಸಿ, ಮೇಲೊಂದು ನೀಲಿ ಮೀನು ಬರೆದು ಮಾಡಿದ ಬಾಗಿಲು ಅದು. ಮನೆ ಬಿಡುವ ಮಾತೂ ಇಲ್ಲ. ಅಪ್ಪ ಬಂದರೆ ಎಲ್ಲಿಗೆ ಬರಬೇಕು?

ಅವನು ಹೋದ. ಆದರೆ ಮರುವಾರ ಮತ್ತೆ ಬಂದ. ಬಾಗಿಲ ಮಾತು ಎತ್ತಲಿಲ್ಲ. ಸುಟ್ಟ ಜೋಳದ ತೆನೆ ತಂದಿದ್ದ. ಹೊಗೆಗೂಡಿನ ಬಿರುಕಿಗೆ ಮಣ್ಣು ಮೆತ್ತಿದ. ಮತ್ತೊಂದು ದಿನ ತನ್ನ ತಾಯಿಯ ಕಥೆ ಹೇಳಿದ. ಮನೆ ಬಿಡಲೊಲ್ಲದೆ ಕಡಲಿನ ಜೊತೆ ವಾದ ಮಾಡುತ್ತ ಕುಳಿತ ತಾಯಿಗೆ ಕೊನೆಗೆ ಒಂದು ಮಣೆಯೂ ಉಳಿಯಲಿಲ್ಲವಂತೆ. ಅದನ್ನು ಹೇಳುವಾಗ ಅವನು ಅವಳ ಕಡೆ ನೋಡಲಿಲ್ಲ.

ಅವನು ಬರುವ ದಿನ ಅವಳು ಮುದ್ದೆಗೆ ಹಿಟ್ಟು ಒಂದು ಹಿಡಿ ಹೆಚ್ಚು ಹಾಕತೊಡಗಿದಳು. 'ಇದೇನಿದು ನನಗೆ?' ಎಂದು ತನ್ನನ್ನೇ ಕೇಳಿಕೊಂಡಳು. ಅವನು ಹೋದ ಮೇಲೆ ಮನೆ ಮೊದಲಿಗಿಂತ ಖಾಲಿ ಎನಿಸುತ್ತಿತ್ತು...

ಒಂದು ಸಂಜೆ ಅಲೆ ಅಂಗಳದ ತೆಂಗಿನ ಬುಡಕ್ಕೆ ಬಂತು. ಸೆನಾನು ತಡೆಯಲಾರದೆ ಹೇಳಿಬಿಟ್ಟ.

"ನಿಮ್ಮಪ್ಪ ಬರಲ್ಲ, ಅಕೋಫಾ. ಕಡಲನ್ನ ನೀವೂ ತಡೆಯೋಕಾಗಲ್ಲ, ನಾನೂ ತಡೆಯೋಕಾಗಲ್ಲ. ಹೊತ್ಕೊಂಡು ಹೋಗೋಕಾಗೋದನ್ನ ಹೊತ್ಕೊಂಡು ಹೋಗೋಣ."

"ಎದ್ದು ಹೋಗು," ಎಂದಳು ಅವಳು. "ನಿನಗೆ ಬೇಕಾಗಿರೋದು ಮರ. ಬೀಳೋ ಮನೆ ಕಾಯೋ ಹದ್ದು ನೀನು."

ಅವನು ಎದ್ದು ಹೋದ. ಎಲೆಯ ಮೇಲೆ ಮುದ್ದೆ ಹಾಗೆಯೇ ಉಳಿಯಿತು.

ಎರಡು ವಾರ ಕಳೆದ ಮೇಲೆ, ಸಂತೆಯ ದಿನ, ಅಕೋಫಾ ಮೀನು ಮಾರಿ ಮನೆಗೆ ಮರಳಿದಾಗ ಬಾಗಿಲಿರಲಿಲ್ಲ. ಬರಿಯ ಚೌಕಟ್ಟು. ಅದರಾಚೆ ಒಳಗಿನ ಚಾಪೆ, ಗಡಿಗೆ, ಅಪ್ಪನ ಟೋಪಿ ಎಲ್ಲವೂ ದಾರಿಹೋಕರಿಗೆ ಕಾಣುವಂತೆ ಬಿದ್ದಿದ್ದವು. ಸೆನಾನು ಕೈಗಾಡಿಯಲ್ಲಿ ಬಾಗಿಲನ್ನು ಸಾಗಿಸುವುದನ್ನು ಕಂಡೆವು ಎಂದು ಬಲೆ ಎಳೆಯುವವರು ಹೇಳಿದರು.

ಅವಳು ಚೌಕಟ್ಟಿಗೆ ಬಟ್ಟೆ ಕಟ್ಟಿ ಅದರ ಹಿಂದೆ ಕುಳಿತಳು. ಅಪ್ಪನನ್ನು ಕಡಲು ಒಯ್ಯಿತು. ಇವನನ್ನು ಏನು ಒಯ್ದಿತು? ದುರಾಸೆಯೇ? ಕಳ್ಳನೊಬ್ಬನಿಗಾಗಿ ಹಿಟ್ಟು ಹೆಚ್ಚು ಹಾಕಿದೆನಲ್ಲ... ಅಂದು ಅವಳು ಪ್ರಾರ್ಥನೆಗೆ ಕೈ ಜೋಡಿಸಿದಳು, ಆದರೆ ಏನು ಕೇಳಬೇಕೆಂದೇ ತಿಳಿಯಲಿಲ್ಲ.

ಬೆಳಗಿನ ಜಾವ ಅಲೆ ಮುಂಗೋಡೆಯನ್ನು ಚೌಕಟ್ಟಿನ ಸಮೇತ ಒಯ್ದಿತು. ಅವಳು ಹಿತ್ತಲಿನಿಂದ ಹೊರಬಿದ್ದು, ಅಪ್ಪನ ಟೋಪಿಯನ್ನು ಎದೆಗೊತ್ತಿಕೊಂಡು ಮರಳಿನ ಮೇಲೆ ನಿಂತು ನೋಡಿದಳು. ಬಾಗಿಲು ಅಲ್ಲಿಯೇ ಇದ್ದಿದ್ದರೆ ಅದೂ ಹೋಗುತ್ತಿತ್ತು.

ಅಬ್ಲಾ ಅತ್ತೆ ಓಡಿ ಬಂದು ಅವಳ ಕೈ ಹಿಡಿದಳು. ಹಿನ್ನೀರಿನ ಕಡೆ ನಡೆಸಿಕೊಂಡು ಹೋದಳು. ಅಲ್ಲಿ ಅತ್ತೆಯ ಈರುಳ್ಳಿ ಪಾತಿಗಳ ಪಕ್ಕದಲ್ಲಿ ಹೊಸದಾಗಿ ಎದ್ದ ಒಂದು ಕೋಣೆ. ತೆಂಗಿನ ಗರಿಯ ಮಾಡು. ಅದರ ಮುಂದೆ, ಕಡಲಿಗೆ ಮುಖ ಮಾಡಿ, ನೀಲಿ ಮೀನಿನ ಬಾಗಿಲು.

"ಅಣ್ಣನ ಬಾಗಿಲು ತೆಗೆಯೋಕೆ ಹೇಳಿದ್ದು ನಾನೇ ಕಣೇ," ಎಂದಳು ಅತ್ತೆ. "ನಿನ್ನನ್ನ ಕೇಳಿದ್ರೆ ನೀನು ಒಪ್ತಿರಲಿಲ್ಲ. ಅವಳ ಬೈಗುಳ ಏನಿದ್ರೂ ನನಗೇ ಬರ್ಲಿ, ನಿಮಗೆ ಬೇಡ ಅಂದ ಅವನು. ಕೋಣೆ ಕಟ್ಟಿದ್ದೂ ಅವನೇ. ಋಣ ಅಂತ ನೀನು ತಿಳ್ಕೊಳ್ಳಬಾರದು ಅಂತ ಮುಗಿಸಿದ ಕೂಡಲೇ ಆಚೆ ದಡಕ್ಕೆ ಹೋಗ್ಬಿಟ್ಟ."

"ಕಡಲ ಕಡೆ ಯಾಕೆ ಮುಖ ಮಾಡಿಟ್ಟ?"

"ನಾನೂ ಕೇಳಿದೆ. ಅಪ್ಪ ಬಂದ್ರೆ ಜಾಗ ಗುರುತು ಸಿಗಲ್ಲ, ಬಾಗಿಲು ಗುರುತು ಸಿಗುತ್ತೆ ಅಂದ."

ಅಕೋಫಾ ನೀಲಿ ಮೀನಿನ ಮೇಲೆ ಹಣೆಯಿಟ್ಟಳು. ಎರಡು ಮಳೆಗಾಲದ ಅಳು ಆಗ ಬಂತು. ಅತ್ತೆ ತಡೆಯಲಿಲ್ಲ. ಕಡಲಿಗೂ ಎಲ್ಲೆ ಹಾಕಿದವನು ದೇವರು. ಆ ಎಲ್ಲೆ ಎಲ್ಲಿ ಎಂದು ಅವನು ಯಾರಿಗೂ ಹೇಳಿಲ್ಲ. ಆದರೆ ಎತ್ತಲು ಕೈ ಕೊಟ್ಟಿದ್ದಾನೆ, ನಡೆಯಲು ಕಾಲು ಕೊಟ್ಟಿದ್ದಾನೆ.

ಆ ಭಾನುವಾರ ಅವಳು ಚರ್ಚಿನ ಉಪದೇಶಿಯ ಬಳಿ ಹೋಗಿ ಅಪ್ಪನ ಹೆಸರಿನಲ್ಲಿ ಸಾವಿನ ಗಂಟೆ ಹೊಡೆಸಬೇಕೆಂದು ಕೇಳಿಕೊಂಡಳು. ದೇಹವಿಲ್ಲದ ಪೆಟ್ಟಿಗೆಯಲ್ಲಿ ಟೋಪಿಯನ್ನಿಟ್ಟು ಮಣ್ಣು ಮಾಡಿದರು. ಮರಳಿ ಬರುವಾಗ ದೋಣಿ ಕಡವಿನಲ್ಲಿ ಆಚೆ ದಡಕ್ಕೆ ಹೊರಟವರನ್ನು ಕಂಡು ಒಂದು ಮಾತು ಹೇಳಿ ಕಳಿಸಿದಳು: ಬಾಗಿಲ ಕೀಲು ಕಿರುಗುಟ್ಟುತ್ತದೆ, ಕೂರಿಸಿದವರೇ ಬಂದು ನೋಡಬೇಕು.

ದಿನಗಳು ಹೋದವು. ಹಿನ್ನೀರಿನ ಮೇಲೆ ಕೊಕ್ಕರೆಗಳು ಬಂದವು, ಹೋದವು. ಅವಳು ಒಬ್ಬಳೇ ಉಂಡಳು. ಹಿಟ್ಟು ಮಾತ್ರ ಒಂದು ಹಿಡಿ ಹೆಚ್ಚೇ ಹಾಕಿದಳು.

ಒಂದು ಮುಂಜಾನೆ ಬಾಗಿಲು ಬಡಿದ ಸದ್ದು. ಗೆಣ್ಣಿನಿಂದ, ಮೆಲ್ಲಗೆ, ಬಿಟ್ಟು ಬಿಟ್ಟು.

ಈ ಸಲ ಅವಳು ಓಡಲಿಲ್ಲ. ಬಾಗಿಲ ಬಳಿ ಬಂದು ಒಳಗಿನಿಂದ ಕಿವಿಯಾನಿಸಿದಳು. ಹೊರಗೆ ಯಾರೋ ಹಿರಿಯರು ಕೆಮ್ಮಿದರು. ಗಾಜಿಗೆ ಗಾಜು ತಾಗಿದ ಸದ್ದೂ ಕೇಳಿತು. ಅವನು ಚಿಕ್ಕಪ್ಪನನ್ನೂ ಬಾಟಲಿಗಳನ್ನೂ ತಂದಿದ್ದ.

"ಮರ ಗಟ್ಟಿ ಇದೆಯಾ?" ಎಂದು ಒಳಗಿನಿಂದ ಕೇಳಿದಳು.



"ಮರ ಗಟ್ಟಿ ಇದೆ," ಎಂದ ಸೆನಾನು. "ಹೊರಗೆ ನಿಂತಿರೋನ ಎದೆನೇ ಅಲ್ಲಾಡ್ತಿದೆ."

"ನಿನ್ನನ್ನ ಹದ್ದು ಅಂದಿದ್ದೆ..."

"ಹದ್ದಿಗೂ ಗೂಡು ಬೇಕಲ್ಲ."

ಅವಳು ಅಗುಳಿ ತೆಗೆದಳು. ಬಾಗಿಲು ತೆರೆಯಿತು. ಕೀಲು ಕಿರುಗುಟ್ಟಲೇ ಇಲ್ಲ.